ಮೊದಲ ಎಲೆ

ಆ ಕೂದಲನ್ನು ಆರಿಸಿಟ್ಟವಳು ನಾನೇ.

ಮೊದಲ ಕಿಮೋ ಆಗಿ ಹದಿನೇಳನೆಯ ದಿನ. ಬೆಳಿಗ್ಗೆ ರಮಾಮಣಿ ಅಮ್ಮನ ದಿಂಬು ಎತ್ತಿದೆ. ಬಿಳಿ ಬಟ್ಟೆಯ ಮೇಲೆ ಒಂದು ಹಿಡಿ ಕೂದಲು. ಬುಡ ಬಿಳಿ, ತುದಿ ಮದರಂಗಿಯ ಕೆಂಪು. ಅವರು ಎದ್ದು ಕುಳಿತು ಜಡೆಗೆ ಕೈ ಹಾಕಿದರು. ಅರ್ಧ ಜಡೆ ಕೈಗೆ ಬಂತು. ಕೈಯಲ್ಲಿದ್ದುದನ್ನೇ ನೋಡಿದರು.

"ಯಶೂ, ಕನ್ನಡಿ ಮುಚ್ಚು" ಎಂದರು.

ಕನ್ನಡಿಗೆ ಟವೆಲ್ ಹಾಕಿದೆ. ಹೊದಿಕೆಯಿಂದ, ನೆಲದಿಂದ, ಅವರ ರವಿಕೆಯ ಬೆನ್ನಿನಿಂದ ಒಂದೊಂದೇ ಎಳೆ ಆರಿಸಿದೆ. ಕಸದ ಬುಟ್ಟಿಗೆ ಹಾಕಲು ಹೊರಟಾಗ ನನ್ನ ಮಣಿಕಟ್ಟು ಹಿಡಿದರು.

"ಬಿಸಾಡಬೇಡ ಮಗಳೇ. ಐವತ್ತು ವರ್ಷ ಎಣ್ಣೆ ಹಾಕಿ ಸಾಕಿದ ಕೂದಲು. ಆ ಸ್ಟೀಲ್ ಡಬ್ಬಿಯಲ್ಲಿ ಇಡು. ಗುಣ ಆದ ಮೇಲೆ ಹೊಳೆಗೆ ಬಿಡ್ತೇನೆ."

ಇಟ್ಟೆ. ಎಂಟು ದಿನ ಆರಿಸಿದೆ, ಎಂಟು ದಿನ ಇಟ್ಟೆ. ಕೊನೆಗೆ ಕಿವಿಯ ಹಿಂದೆ ಉಳಿದಿದ್ದ ನಾಲ್ಕು ಎಳೆಯನ್ನು ಕತ್ತರಿಯಿಂದ ತೆಗೆದು ಅದನ್ನೂ ಇಟ್ಟೆ. ಡಬ್ಬಿಯ ಮುಚ್ಚಳ ಒತ್ತಿದ್ದು ಈ ಕೈ.

ನಾನು ಯಶ್ಮಿತಾ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಹೋಮ್ ನರ್ಸ್. ಕಾರ್ಕಳದ ಕಡೆ ಒಂದು ಗುಡ್ಡೆಯ ಮೇಲೆ ನಮ್ಮ ಕಾಲೊನಿ. ಹದಿನೆಂಟು ಮನೆ, ಎಲ್ಲ ಕೊರಗರದ್ದು. ನನ್ನನ್ನು ಹೆತ್ತವಳು ತುಕ್ರು. ಅವಳನ್ನು ನಾನು ಅಪ್ಪೆ ಎಂದು ಕರೆಯುತ್ತಿದ್ದೆ. ಕಾಡಿನಿಂದ ಬೀಳು, ಅಂದರೆ ಕಾಡುಬಳ್ಳಿ, ತಂದು ಬುಟ್ಟಿ ಹೆಣೆಯುತ್ತಿದ್ದಳು. ನನಗೆ ಹೆಣೆಯಲು ಬರುವುದಿಲ್ಲ. ಕಲಿಯಲು ಕುಳಿತಾಗ ಅವಳೇ ನನ್ನ ಕೈಯಿಂದ ಬೀಳು ಕಿತ್ತುಕೊಂಡು, "ಪುಸ್ತಕ ಹಿಡಿ" ಎಂದು ಬೆನ್ನಿಗೆ ಒಂದು ಕೊಟ್ಟಿದ್ದಳು.

ಕೆಲಸ ಕೊಡಿಸುವವರು ಉಡುಪಿಯ ಜೋಸ್ಲಿನ್ ಮೇಡಂ. ಅವರ ಏಜೆನ್ಸಿಯಲ್ಲಿ ನಾವು ಹನ್ನೆರಡು ಜನ. ಹೋದ ವರ್ಷ ಮಳೆ ನಿಂತ ಮೇಲೆ ಒಂದು ದಿನ ಫೋನು ಮಾಡಿದರು.

"ಯಶ್ಮಿತಾ, ಬೆಳ್ಮಣ್‌ನಲ್ಲಿ ಒಂದು ಮನೆ ಉಂಟು. ಎದೆಯ ಕ್ಯಾನ್ಸರ್. ಆಪರೇಷನ್ ಆಗಿದೆ, ಇನ್ನು ಆರು ಕಿಮೋ. ಫೋನಿನಲ್ಲಿ ಜಾತಿ ಕೇಳಿದರು."

"ಸರಿ ಬಿಡಿ ಮೇಡಂ. ಬೇರೆ ಯಾರನ್ನಾದರೂ ಕಳಿಸಿ."

"ಅಯ್ಯೋ, ಪೂರ್ತಿ ಕೇಳು ಮಾರಾಯ್ತಿ! ಎಲ್ಲರೂ ಜಾತಿ ಕೇಳಿ ಬೇಡ ಅಂತಾರೆ. ಇವರು ಜಾತಿ ಕೇಳಿ ಬೇಕು ಅಂದರು. ಕೊರಗರ ಹುಡುಗಿಯೇ ಆಗಬೇಕಂತೆ. ರಿಟೈರ್ಡ್ ಹೆಡ್‌ಮಾಷ್ಟ್ರು. ಜನಾರ್ದನ ಅಂತ ಹೆಸರು. ಲೋಕ ಬದಲಾಗಿದೆ ನೋಡು. ದೇವರು ದೊಡ್ಡವನು."

ಹೆಸರು ಕೇಳಿ ನನ್ನ ಕಣ್ಣು ತುಂಬಿತು. ಜನಾರ್ದನ ಮಾಷ್ಟ್ರು ನಮ್ಮ ಶಾಲೆಯವರು.

ನಾನು ಮೂರನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅವರು ಪೇಪರ್ ಹಿಡಿದು ನಿಂತಿದ್ದರು. ಸರಕಾರ ಒಂದು ಕಾನೂನು ತಂದಿದೆ ಎಂದರು. ಅಜಲು ಪದ್ಧತಿ ಇನ್ನು ಅಪರಾಧ. ಅಜಲು ಎಂದರೇನೆಂದು ಮಕ್ಕಳಿಗೆ ಬಿಡಿಸಿ ಹೇಳಿದರು. ದೊಡ್ಡ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಅವರ ಕೂದಲು, ಉಗುರು ಅನ್ನಕ್ಕೆ ಬೆರೆಸಿ ಕೊರಗರಿಗೆ ಉಣ್ಣಿಸುವುದು. ಉಂಡವರ ಮೈಗೆ ರೋಗ ಹೋಗುತ್ತದೆ, ಮನೆಯವರು ಏಳುತ್ತಾರೆ ಎಂಬ ನಂಬಿಕೆ. ನನ್ನನ್ನು ಕರೆದು ಜಗಲಿಯ ಮೇಲೆ ನಿಲ್ಲಿಸಿದರು. ತಲೆಯ ಮೇಲೆ ಕೈ ಇಟ್ಟರು. "ಈ ಮಗು ಇನ್ನು ಯಾರ ರೋಗವನ್ನೂ ತಿನ್ನಬೇಕಾಗಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು.

ಅಲ್ಲಿಯವರೆಗೆ ತರಗತಿಯಲ್ಲಿ ನನಗೆ ಹೆಸರಿತ್ತು. ಆ ದಿನದಿಂದ 'ಉಗುರು' ಎಂದು ಕರೆದರು. ಆದರೂ ತಲೆಯ ಮೇಲಿನ ಆ ಕೈ ನೆನಪಿತ್ತು. ಬೇರೆ ಯಾವ ಮಾಷ್ಟ್ರೂ ನನ್ನನ್ನು ಮುಟ್ಟಿರಲಿಲ್ಲ.

ಅದಕ್ಕೇ ಹೋದೆ.

ಮನೆಯಲ್ಲಿ ಮೂರೇ ಜನ. ಮಾಷ್ಟ್ರು, ರಮಾಮಣಿ ಅಮ್ಮ, ಸೊಸೆ ಸಂಹಿತಾ. ಸೊಸೆ ಮಣಿಪಾಲದ ಒಂದು ಕಾಲೇಜಿನಲ್ಲಿ ಪಾಠ ಮಾಡುವವರು. ಮಗ ಅನಂತೇಶ ಹಡಗಿನಲ್ಲಿ ಕೆಲಸ, ಆರು ತಿಂಗಳಿಗೊಮ್ಮೆ ಬರುವುದು. ಆರು ವರ್ಷದ ಮೊಮ್ಮಗಳು ಅನ್ವಿತಾ, ಅಮ್ಮನ ಬಾಯಲ್ಲಿ ಪುಟ್ಟಿ, ಇದ್ದಳಂತೆ. ಅಜ್ಜಿಗೆ ರೋಗ ಎಂದು ತಿಳಿದ ವಾರವೇ ಅವಳನ್ನು ಇನ್ನಂಜೆಯಲ್ಲಿ ತಾಯಿಯ ತವರಿಗೆ ಕಳಿಸಿದ್ದರು.

"ಇದು ಅಂಟುವ ರೋಗ ಅಲ್ಲ ಅಕ್ಕ" ಎಂದೆ ಸಂಹಿತಾ ಅಕ್ಕನಿಗೆ.

"ಗೊತ್ತು ಯಶ್ಮಿತಾ. ಆದರೂ ಮಗು ಅಲ್ವಾ" ಎಂದರು.

ರೋಗದ ಹೆಸರನ್ನು ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. 'ಅದು' ಎನ್ನುತ್ತಿದ್ದರು. ನೆಂಟರಿಗೆ ಥೈರಾಯ್ಡ್ ಎಂದಿದ್ದರು. ದೇವಸ್ಥಾನದವರು ಪ್ರಸಾದ ತಂದರೆ ಗೇಟಿನಲ್ಲೇ ಮಾಷ್ಟ್ರು ತೆಗೆದುಕೊಳ್ಳುತ್ತಿದ್ದರು. ಅಮ್ಮನ ಕೋಣೆಯ ಕಿಟಕಿ ರಸ್ತೆಯ ಕಡೆ ಇತ್ತು. ಅದನ್ನು ಮುಚ್ಚಿ ಮೊಳೆ ಹೊಡೆದಿದ್ದರು.

ನನ್ನ ಕೆಲಸ ಬೆಳಿಗ್ಗೆ ಐದಕ್ಕೆ ಶುರು. ಮೊದಲು ಬೇಸಿನ್. ಹಳದಿ ವಾಂತಿ, ಹುಳಿ ವಾಸನೆ. ಚೆಲ್ಲಿ ತೊಳೆದು ಮತ್ತೆ ಮಂಚದ ಬದಿಗೆ ಇಡಬೇಕು, ಯಾಕೆಂದರೆ ಮತ್ತೆ ಬರುತ್ತದೆ. ಆಮೇಲೆ ಎತ್ತಿ ಕಮೋಡಿಗೆ ಕೂರಿಸುವುದು. ಒರೆಸುವುದು. ಬಾಯಿಯೆಲ್ಲ ಹುಣ್ಣು, ಉಪ್ಪು ನೀರಿನಲ್ಲಿ ಹತ್ತಿ ಅದ್ದಿ ನಾಲಿಗೆ ತೊಳೆಯುವುದು. ಗಂಜಿಯ ತಿಳಿಯನ್ನು ಚಮಚದಲ್ಲಿ ಎರೆಯುವುದು. ಕೊಯ್ದ ಎದೆಯ ಜಾಗಕ್ಕೆ ಎಣ್ಣೆ ಸವರುವುದು. ಮೊದಲ ಸಲ ಸವರಿದಾಗ ಅಮ್ಮ ಮುಖ ಗೋಡೆಗೆ ತಿರುಗಿಸಿಕೊಂಡಿದ್ದರು.

"ಇವರು ಇದನ್ನು ನೋಡಲೇ ಇಲ್ಲ ಯಶೂ" ಎಂದರು. "ನಲವತ್ತು ವರ್ಷ ಸಂಸಾರ ಮಾಡಿದವರು. ಬಾಗಿಲಲ್ಲಿ ನಿಂತು ಊಟ ಆಯ್ತಾ ಕೇಳಿ ಹೋಗ್ತಾರೆ."

ನನ್ನ ಊಟ ಅಡಿಗೆಮನೆಯ ಹಿಂದಿನ ತಗಡಿನ ಮಾಡಿನಡಿ. ಅಲ್ಲಿ ಒಂದು ಹಲಗೆಯ ಮೇಲೆ ನನ್ನ ಸ್ಟೀಲ್ ತಟ್ಟೆ, ಲೋಟ. ಎರಡನೆಯ ದಿನ ನೋಡುತ್ತೇನೆ, ಪಕ್ಕದಲ್ಲಿ ಇನ್ನೊಂದು ತಟ್ಟೆ, ಇನ್ನೊಂದು ಲೋಟ. ಅಮ್ಮನದ್ದು. ಸೊಸೆ ಅದನ್ನೂ ಒಳಗಿಂದ ಹೊರಗೆ ತಂದಿಟ್ಟಿದ್ದರು.

ಅಮ್ಮನಿಗೆ ಅದು ಗೊತ್ತಿತ್ತು. ಒಂದು ದಿನ ಗಂಜಿ ಕುಡಿಯುತ್ತ ನಕ್ಕರು.

"ನೋಡು ಯಶೂ, ಈಗ ನಾನೂ ನಿಮ್ಮ ಜಾತಿ."

"ಅಷ್ಟು ಸುಲಭ ಇಲ್ಲ ಅಮ್ಮಾ. ನಮ್ಮ ಜಾತಿಗೆ ಬರಲಿಕ್ಕೆ ತಾಲೂಕು ಆಫೀಸಿನ ಸರ್ಟಿಫಿಕೇಟ್ ಬೇಕು" ಎಂದೆ.

ಅವರು ನಗಲು ಹೋಗಿ ಬಾಯಿಹುಣ್ಣು ಒಡೆದು ರಕ್ತ ಬಂತು. ರಕ್ತ ಒರೆಸುತ್ತ ನಾನೂ ನಕ್ಕೆ. ಆ ಮನೆಯಲ್ಲಿ ನಗು ಕೇಳಿದ್ದು ಆ ಕೋಣೆಯಿಂದ ಮಾತ್ರ.

ಅವರಿಗೆ ಕೊರಗಜ್ಜನ ಮೇಲೆ ಭಕ್ತಿ. ಹಿತ್ತಿಲಿನಾಚೆ ಮಾವಿನ ಮರದಡಿ ಅಜ್ಜನ ಕಟ್ಟೆ ಇತ್ತು. ವಾರಕ್ಕೊಮ್ಮೆ ನನ್ನ ಕೈಯಲ್ಲಿ ಚಕ್ಕುಲಿ, ವೀಳ್ಯ ಕೊಟ್ಟು ಕಳಿಸುತ್ತಿದ್ದರು.

"ನಿಮ್ಮವನೇ ಅಲ್ವಾ. ನೀನು ಹೇಳಿದರೆ ಬೇಗ ಕೇಳ್ತಾನೆ."

ಅಜ್ಜ ನಮ್ಮವನೇ. ಕೊರಗರ ಹೊಟ್ಟೆಯಲ್ಲಿ ಹುಟ್ಟಿದವನು. ಈಗ ಎಲ್ಲ ಜಾತಿಯವರೂ ಅವನಿಗೆ ಅಡ್ಡ ಬೀಳುತ್ತಾರೆ. ನಾನು ಚಕ್ಕುಲಿ ಇಟ್ಟು ಕೈಮುಗಿಯುತ್ತಿದ್ದೆ. "ಅಜ್ಜಾ, ಈ ಅಮ್ಮ ಒಳ್ಳೆಯವರು. ಇವರನ್ನು ಎಬ್ಬಿಸು" ಎನ್ನುತ್ತಿದ್ದೆ. ಸುಳ್ಳು ಹೇಳುವುದಿಲ್ಲ. ಮನಸ್ಸಿಟ್ಟೇ ಬೇಡಿದ್ದೆ.

ಯಾಕೆಂದರೆ ನನ್ನ ಅಪ್ಪೆ ಸತ್ತದ್ದೂ ಇದೇ ರೋಗದಲ್ಲಿ. ಐದು ವರ್ಷವಾಯಿತು. ಅವಳಿಗೆ ಬಾಯಿಯಲ್ಲಿ. ಮೊದಲು ಕೆನ್ನೆಯ ಒಳಗೆ ಬಿಳಿ ಮಚ್ಚೆ, ಆಮೇಲೆ ಕುತ್ತಿಗೆಯಲ್ಲಿ ಗಂಟು. ಹೊಗೆಸೊಪ್ಪು ಜಗಿದು ಬಂದದ್ದು ಎಂದು ಮಣಿಪಾಲದ ಡಾಕ್ಟರು ಹೇಳಿದರು. ಬರುವುದು ತಡವಾಯಿತು ಎಂದೂ ಹೇಳಿದರು. ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಮೊದಲೂ ಕೂರುತ್ತಿರಲಿಲ್ಲ, ಈಗ ವಾಸನೆ ಎಂಬ ಕಾರಣ ಸಿಕ್ಕಿತ್ತು.

ಡಾಕ್ಟರ ಮಾತನ್ನು ಅವಳು ನಂಬಲಿಲ್ಲ. ಪ್ರಾಯದಲ್ಲಿ ಅವಳು ಅಜಲು ಉಂಡಿದ್ದಳು. ಎಷ್ಟೋ ಮನೆಯಲ್ಲಿ. ಹಸಿವಿಗೆ ಉಂಡಿದ್ದಳು, ಬೇಡ ಎನ್ನಲು ಗೊತ್ತಿಲ್ಲದೆ ಉಂಡಿದ್ದಳು.

"ಇದು ಯಾರದ್ದೋ ಮಗಾ. ಯಾವ ಮನೆಯದ್ದು ಅಂತ ನೆನಪಾಗ್ತಾ ಇಲ್ಲ" ಎನ್ನುತ್ತಿದ್ದಳು. ಮಲಗಿದಲ್ಲೇ ಮನೆಗಳ ಹೆಸರು ಹೇಳುತ್ತಿದ್ದಳು. ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. ಹಾಗೆ ರೋಗ ಬರುವುದಿಲ್ಲ ಎಂದು ನಾನು ಬೈಯುತ್ತಿದ್ದೆ. ಅವಳ ಕೊನೆಯ ಮಾತೂ ಒಂದು ಮನೆಯ ಹೆಸರೇ. ಅರ್ಧ ಹೇಳಿದಳು. ಮುಗಿಯಲಿಲ್ಲ.

ರಮಾಮಣಿ ಅಮ್ಮನ ಬಾಯಿ ತೊಳೆಯುವಾಗ ನಾನು ತೊಳೆಯುತ್ತಿದ್ದದ್ದು ಆ ಬಾಯಿಯನ್ನೂ.

ಮೂರನೆಯ ಕಿಮೋ ಆದ ಮೇಲೆ ಅಮ್ಮನ ಉಗುರು ಕಪ್ಪಾಯಿತು. ಮದ್ದಿಗೆ ಹಾಗಾಗುತ್ತದೆ. ಬುಡದಿಂದ ತುದಿಯವರೆಗೆ ಬೆಂದ ಗೇರುಬೀಜದ ಸಿಪ್ಪೆಯ ಬಣ್ಣ. ಒಂದು ಮಂಗಳವಾರ ಬಿಸಿನೀರಿನಲ್ಲಿ ಕೈ ನೆನೆಸಿ ಕತ್ತರಿಸಿದೆ. ತುಂಡುಗಳನ್ನು ಪೇಪರಿನಲ್ಲಿ ಮಡಚಿದಾಗ, "ಅದನ್ನೂ ಡಬ್ಬಿಗೆ ಹಾಕು" ಎಂದರು.

"ಉಗುರನ್ನೂ ಹೊಳೆಗೆ ಬಿಡುವುದಾ ಅಮ್ಮ?"

ಅಮ್ಮ ಕಣ್ಣು ಮುಚ್ಚಿಕೊಂಡರು. ಸುಸ್ತು ಎಂದುಕೊಂಡೆ.

ಆ ಭಾನುವಾರ ಅಮಾವಾಸ್ಯೆ. ಬೆಳಿಗ್ಗೆಯಿಂದ ಅಡಿಗೆಮನೆಯಲ್ಲಿ ಕಾಯಿ ತುರಿಯುವ ಸದ್ದು, ಬೆಲ್ಲ ಕರಗುವ ಪರಿಮಳ. ಮಧ್ಯಾಹ್ನ ಮಾಷ್ಟ್ರು ತಗಡಿನ ಮಾಡಿನವರೆಗೆ ಬಂದರು. ಅಲ್ಲಿಗೆ ಅವರು ಯಾವತ್ತೂ ಬಂದವರಲ್ಲ.

"ಯಶ್ಮಿತಾ, ಇವತ್ತು ನಿನಗೆ ಚಾವಡಿಯಲ್ಲಿ ಊಟ. ರಮಾಮಣಿಯ ಜನ್ಮನಕ್ಷತ್ರ. ಅವಳು ಉಳಿದದ್ದೇ ನಿನ್ನ ಕೈಯಿಂದ. ಮೊದಲ ಎಲೆ ನಿನ್ನದು."

ಮುಖ ತೊಳೆದೆ. ಒಗೆದಿಟ್ಟಿದ್ದ ಚೂಡಿದಾರ ಹಾಕಿದೆ. ಚಾವಡಿಯ ಕೆಂಪು ನೆಲಕ್ಕೆ ಕಾಲಿಡುವಾಗ ಪಾದ ತಣ್ಣಗಾಯಿತು. ಮೂರು ತಿಂಗಳಲ್ಲಿ ಆ ನೆಲವನ್ನು ಒರೆಸಿದ್ದೆ, ಅದರ ಮೇಲೆ ಕುಳಿತಿರಲಿಲ್ಲ. ಮಣೆ ಇಟ್ಟಿದ್ದರು. ಕುಡಿ ಬಾಳೆಲೆ. ಉಪ್ಪು, ಉಪ್ಪಿನಕಾಯಿ, ಅಲಸಂಡೆ ಪಲ್ಯ, ಪಾಯಸ. ಅಮ್ಮನನ್ನು ಗಾಲಿಕುರ್ಚಿಯಲ್ಲಿ ಎದುರಿಗೆ ತಂದು ಕೂರಿಸಿದ್ದರು. ತಲೆಗೆ ಸೀರೆಯ ಸೆರಗು.

ಆ ಮನೆಯಲ್ಲಿ ಯಜಮಾನರು ಉಣ್ಣುವ ಮೊದಲು ಕಾಗೆಗೂ ಅನ್ನ ಇಡುವುದಿಲ್ಲ. ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹಬ್ಬದ ಊಟಕ್ಕೆ ನಮ್ಮ ಕಡೆ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ. ಆ ದಿನ ಸಂಹಿತಾ ಅಕ್ಕ ಬಡಿಸಿದ್ದು ಕುಚ್ಚಲಕ್ಕಿಯ ಕೆಂಪು ಅನ್ನ. ಅದೂ ಹೊಳೆಯಲಿಲ್ಲ. ಮರ್ಯಾದೆಗೆ ಅಷ್ಟು ಹಸಿದಿದ್ದೆ.

ಒಂದು ತುತ್ತು ಉಂಡೆ. ಮೂವರೂ ನೋಡುತ್ತಿದ್ದರು. ಎರಡನೆಯ ತುತ್ತು. ಅಮ್ಮನ ತುಟಿ ಅಲ್ಲಾಡುತ್ತಿತ್ತು, ಜಪದ ಹಾಗೆ. ಮೂರನೆಯದನ್ನು ಬಾಯಿಗಿಟ್ಟಾಗ ನಾಲಿಗೆಗೆ ಎಳೆ ತಗಲಿತು. ಹಲ್ಲಿಗೆ ಸುತ್ತಿಕೊಂಡಿತು. ಬೆರಳು ಹಾಕಿ ಎಳೆದೆ. ಬಂತು. ಉದ್ದಕ್ಕೆ ಬರುತ್ತಲೇ ಇತ್ತು. ಬಾಯಲ್ಲಿದ್ದ ಅನ್ನ ಉಗಿದು, ಎಳೆಯನ್ನು ಎಲೆಯ ತುದಿಗೆ ಇಟ್ಟೆ.

ಬುಡ ಬಿಳಿ. ತುದಿ ಕೆಂಪು.

"ಅಮ್ಮಾ, ಇದು ನಿಮ್ಮದು" ಎಂದೆ.

"ಏನೋ ಹಾರಿ ಬಿದ್ದಿರಬೇಕು" ಎಂದರು ಮಾಷ್ಟ್ರು. "ಸಂಹಿತಾ, ಬೇರೆ ಎಲೆ ಹಾಕು."

"ಯಾರ ತಲೆಯಿಂದ ಹಾರಿತು ಮಾಷ್ಟ್ರೇ? ಅಮ್ಮನ ತಲೆಯಲ್ಲಿ ತಿಂಗಳಿಂದ ಒಂದು ಎಳೆ ಇಲ್ಲ."

ಅನ್ನವನ್ನು ಬೆರಳಿನಿಂದ ಕೆದಕಿದೆ. ಇನ್ನೆರಡು ಎಳೆ. ಕೆಳಗೆ ಒಂದು ತುಂಡು ಉಗುರು. ಕಪ್ಪು, ಅರ್ಧಚಂದ್ರದ ಹಾಗೆ. ಅಂಗೈಯಲ್ಲಿಟ್ಟು ತೋರಿಸಿದೆ.

"ಇದು ಎಡಗೈಯ ಹೆಬ್ಬೆರಳು. ಮಂಗಳವಾರ ಕತ್ತರಿಸಿದವಳು ನಾನು."

ಸಂಹಿತಾ ಅಕ್ಕ ಗೋಡೆಗೆ ಒರಗಿ ಅಳತೊಡಗಿದರು. "ನಾನು ಬೇಡ ಅಂದಿದ್ದೆ ಮಾವ. ಎಷ್ಟು ಸಲ ಬೇಡ ಅಂದೆ."

"ಬಡಿಸಿದ್ದು ಯಾರು ಅಕ್ಕ?"

ಅವರು ಮುಖ ಮುಚ್ಚಿಕೊಂಡರು.

ಮಾಷ್ಟ್ರ ದನಿ ಮೆತ್ತಗಾಯಿತು. ತರಗತಿಯಲ್ಲಿ ಕಷ್ಟದ ಲೆಕ್ಕ ಬಿಡಿಸುವಾಗಿನ ದನಿ. "ನೋಡು ಮಗು, ನನಗೆ ಇದರಲ್ಲಿ ನಂಬಿಕೆ ಇಲ್ಲ. ಇವಳ ಸಮಾಧಾನಕ್ಕೆ ಮಾಡಿದ್ದು. ರಾತ್ರಿ ನಿದ್ರೆ ಇಲ್ಲದೆ ಅಳ್ತಾಳೆ, ನಿನಗೇ ಗೊತ್ತುಂಟು. ನಿನಗೆ ಎಂತ ಆಗುವುದಿಲ್ಲ. ಇದೆಲ್ಲ ಬರೀ ಮೂಢನಂಬಿಕೆ."

"ಬರೀ ಮೂಢನಂಬಿಕೆ ಅಲ್ವಾ ಮಾಷ್ಟ್ರೇ?" ಎಲೆಯನ್ನು ಅವರ ಕಡೆಗೆ ತಳ್ಳಿದೆ. "ಹಾಗಾದರೆ ನೀವು ಉಣ್ಣಿ."

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಒಂದೇ ಹೆಜ್ಜೆ. ನನಗೆ ಅದು ಸಾಕಾಯಿತು.

"ಕೊರಗರ ಹುಡುಗಿಯೇ ಬೇಕು ಅಂತ ಏಜೆನ್ಸಿಗೆ ಕೇಳಿದ್ದು ಇದಕ್ಕೇಯಾ?"

ಆಗ ಅಮ್ಮ ಮಾತಾಡಿದರು. ಗಾಲಿಕುರ್ಚಿಯಿಂದ ಮುಂದೆ ಬಾಗಿದರು. ಸೆರಗು ಜಾರಿತು. ನಾನು ದಿನಾ ಒರೆಸುವ ಬೋಳು ತಲೆ.

"ಅವರನ್ನು ಬೈಬೇಡ ಯಶೂ. ನಾನೇ ಹೇಳಿದ್ದು. ನನ್ನ ಅತ್ತೆ ಹೀಗೆಯೇ ಎದ್ದದ್ದು, ನಾನು ಕಣ್ಣಾರೆ ನೋಡಿದ್ದೇನೆ. ನನಗೆ ಬದುಕಬೇಕು ಮಗಳೇ. ಪುಟ್ಟಿಯನ್ನು ಒಂದು ಸಲ ತೊಡೆ ಮೇಲೆ ಕೂರಿಸಿಕೊಳ್ಳಬೇಕು. ನಿನಗೆ ಪ್ರಾಯ ಉಂಟು. ನೀನು ತಡ್ಕೊಳ್ತಿ. ನಿಮ್ಮವರಿಗೆ ಅಭ್ಯಾಸ ಉಂಟಲ್ವಾ."

ನಿಮ್ಮವರಿಗೆ ಅಭ್ಯಾಸ ಉಂಟಲ್ವಾ.

ವಾಂತಿ ಒರೆಸಿದ್ದೆ. ಮಲ ಒರೆಸಿದ್ದೆ. ಗಂಡ ನೋಡದ ಎದೆಯ ಗಾಯಕ್ಕೆ ಎಣ್ಣೆ ಸವರಿದ್ದೆ. ನನ್ನ ತಟ್ಟೆಯ ಪಕ್ಕ ತನ್ನ ತಟ್ಟೆ ಇಟ್ಟಾಗ ನಾನೂ ನಿಮ್ಮ ಜಾತಿ ಎಂದು ನಕ್ಕ ಹೆಂಗಸು ಇವರು.

"ಇನ್ನು ಮೂರು ತುತ್ತು ಉಣ್ಣು ಮಗಳೇ. ಪೂರ್ತಿ ಬೇಡ. ಐದು ತುತ್ತು ಆದರೆ ಸಾಕಂತೆ." ಕೈ ಮುಗಿದರು. ಕಪ್ಪು ಉಗುರಿನ ಹತ್ತು ಬೆರಳು.

"ಉಣ್ಣುವುದಿಲ್ಲ."

ಗಟ್ಟಿಯಾಗಿ ಹೇಳಲಿಲ್ಲ. ಆದರೆ ಅಪ್ಪೆ ತನ್ನ ಜೀವಮಾನದಲ್ಲಿ ಯಾವ ಮನೆಯ ಅಂಗಳದಲ್ಲೂ ಆಡದ ಮಾತು ಅದು.

ಎಲೆಯನ್ನು ಅನ್ನದ ಸಮೇತ ಮಡಚಿದೆ. ಶಾಲಿನಲ್ಲಿ ಕಟ್ಟಿದೆ. ಮಾಷ್ಟ್ರು, "ಅದನ್ನು ಎಲ್ಲಿಗೆ ತೆಗೊಂಡು ಹೋಗ್ತೀ?" ಎಂದರು.

"ನೀವೇ ಕಲಿಸಿದ್ದಲ್ವಾ? ಮೂರನೆಯ ತರಗತಿಯಲ್ಲಿ. ಅಪರಾಧ ಅಂತ."

ಹೊರಡುವ ಮೊದಲು ಅಮ್ಮನ ಎರಡು ಗಂಟೆಯ ಮಾತ್ರೆ ತೆಗೆದು ಮೇಜಿನ ಮೇಲಿಟ್ಟೆ. ಅರ್ಧ ಕೆಲಸ ಬಿಟ್ಟು ಹೋಗುವ ಅಭ್ಯಾಸ ನಮ್ಮವರಿಗೆ ಇಲ್ಲ.

ಬೆಳ್ಮಣ್ ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ಗಂಟಲಿಗೆ ಬೆರಳು ಹಾಕಿದೆ. ಪಲ್ಯ ಬಂತು, ಅನ್ನ ಬಂತು. ನುಂಗಿದ ಎರಡು ತುತ್ತೂ ಬಂತೋ ಇಲ್ಲವೋ ಗೊತ್ತಾಗಲಿಲ್ಲ. ಖಾಲಿ ಹೊಟ್ಟೆಯಿಂದ ಪಿತ್ತ ಬರುವವರೆಗೂ ಕಕ್ಕಿದೆ. ತರಬೇತಿಯಲ್ಲಿ ಕಲಿತಿದ್ದೆ, ಕ್ಯಾನ್ಸರ್ ಹೀಗೆ ಬರುವುದಿಲ್ಲ. ಇದೇ ಬಾಯಿಯಿಂದ ಅಪ್ಪೆಗೆ ಬೈದಿದ್ದೆ. ಆದರೂ ಬೆರಳು ತಾನಾಗಿ ಕುತ್ತಿಗೆಗೆ ಹೋಯಿತು. ಗಂಟು ಹುಡುಕಿತು.

ತಮ್ಮ ಹರ್ಷಿತ್ ರಿಕ್ಷಾ ಓಡಿಸುತ್ತಾನೆ. ಅವನನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆ. ಅಲ್ಲಿದ್ದ ಪೊಲೀಸಿನವರು ಎಲೆ ಬಿಡಿಸಿ ನೋಡಿ ಮೂಗು ಮುಚ್ಚಿಕೊಂಡರು.

"ಎಂತದಮ್ಮ ಇದು? ಅನ್ನದಲ್ಲಿ ಕೂದಲು ಸಿಕ್ಕಿದ್ದಕ್ಕೆ ಕೇಸಾ? ಹೋಟೆಲಿನಲ್ಲಿ ನನಗೆ ದಿನಾ ಸಿಗ್ತದೆ."

"ಉಗುರೂ ಸಿಗ್ತದಾ ಸಾರ್?"

ಅವರು ನಗು ನಿಲ್ಲಿಸಿದರು. ಮಾಷ್ಟ್ರ ಹೆಸರು ಹೇಳಿದಾಗ ಪೆನ್ನು ಕೆಳಗಿಟ್ಟರು. "ಅವರಾ? ಒಳ್ಳೆ ಮನುಷ್ಯ ಮಾರಾಯ್ರೆ. ನನಗೂ ಪಾಠ ಮಾಡಿದ್ದಾರೆ. ಮಾತಾಡಿ ಮುಗಿಸುವ."

"ಮಾತು ಮುಗಿದಿದೆ ಸಾರ್. ಬರೆದುಕೊಳ್ಳಿ" ಎಂದ ಹರ್ಷಿತ್.

ಸಂಜೆಯವರೆಗೆ ಬೆಂಚಿನಲ್ಲಿ ಕುಳಿತೆವು. ಎಲೆ ಬಾಡಿತು. ಅನ್ನ ಹಳಸಿತು. ಕೊನೆಗೆ ಬರೆದುಕೊಂಡರು. ಕಾಲೊನಿಗೆ ಬಂದರೆ ಹಿರಿಯರು ಗೊಣಗಿದರು. ದೊಡ್ಡವರ ಸಹವಾಸ ಯಾಕೆ ಎಂದರು. ಕೆಲವರು ನನ್ನ ಮುಖವನ್ನೇ ನೋಡುತ್ತಿದ್ದರು. ಸೊರಗಿದೆಯಾ ಎಂದು. ನಮ್ಮವರ ಎದೆಯೊಳಗೂ ಅದೇ ಹೆದರಿಕೆ. ನೂರಾರು ವರ್ಷ ಉಂಡ ಅನ್ನ, ಅಷ್ಟು ಬೇಗ ಇಳಿಯುವುದಿಲ್ಲ.

ಎರಡು ವಾರದ ಮೇಲೆ ಮಾಷ್ಟ್ರು ಗುಡ್ಡೆ ಹತ್ತಿ ಬಂದರು. ಅಂಗಿ ಬೆವರಿನಲ್ಲಿ ನೆನೆದಿತ್ತು. ಕುರ್ಚಿ ಕೊಟ್ಟೆ. ಕೂರಲಿಲ್ಲ. ಅಂಗಳದ ತುದಿಯಲ್ಲೇ ನಿಂತರು.

"ಯಶ್ಮಿತಾ, ನಾಲ್ಕನೆಯ ಕಿಮೋದ ತಾರೀಕು ದಾಟಿ ಐದು ದಿನ ಆಯಿತು. ಇವಳು ಏಳ್ತಾ ಇಲ್ಲ. ಬೇಡವಂತೆ. ಅದು ಹೋಯಿತಂತೆ." ಮಾತು ತಡವರಿಸಿತು. "ಎರಡು ತುತ್ತು ಹೊಟ್ಟೆಗೆ ಹೋಗಿದೆ, ಯಶೂವಿಗೆ ಹೋಯಿತು, ನನ್ನಲ್ಲಿ ಈಗ ಏನೂ ಇಲ್ಲ ಅಂತಾಳೆ. ಡಾಕ್ಟರು ಹೇಳಿದರೂ ಕೇಳುವುದಿಲ್ಲ. ನೀನು ಒಂದು ಮಾತು ಹೇಳಬೇಕು. ನೀನು ಹೇಳಿದರೆ ಮಾತ್ರ ನಂಬ್ತಾಳೆ."

ಹರ್ಷಿತ್ ಜಗಲಿಯಿಂದ ಎದ್ದ. "ಸಮಾಧಾನಕ್ಕೆ ಮಾಡಿದ್ದಲ್ವಾ ಮಾಷ್ಟ್ರೇ? ಸಮಾಧಾನ ಆಯಿತಲ್ಲ. ಹೋಗಿ."

ನಾನು ಅವನನ್ನು ತಡೆದೆ. ಮಾಷ್ಟ್ರು ಆಗಲೇ ಫೋನು ಹಚ್ಚಿದ್ದರು. ಪರದೆಯಲ್ಲಿ ಅಮ್ಮನ ಮುಖ. ಕೆನ್ನೆ ಇನ್ನೂ ಇಳಿದಿತ್ತು. ನನ್ನನ್ನು ನೋಡಿದ ಕೂಡಲೇ ಕಣ್ಣು ಅರಳಿತು.

"ಯಶೂ, ಹೇಗಿದ್ದಿ ಮಗಳೇ? ನಿನಗೆ... ಏನಾದರೂ ಆಗ್ತಾ ಉಂಟಾ?"

"ಇಲ್ಲ ಅಮ್ಮ."

"ಜ್ವರ?"

"ಇಲ್ಲ."

"ಎಲ್ಲಾದರೂ ಗಂಟು ಗಿಂಟು? ಸರಿ ನೋಡಿದ್ದೀಯಾ? ಕಂಕುಳಿನಲ್ಲಿ?"

ಅವರ ದನಿಯಲ್ಲಿ ಇದ್ದದ್ದು ಕಾಳಜಿಯಲ್ಲ. ಆಸೆ. ನನ್ನ ಮೈಯಲ್ಲಿ ಗಂಟು ಸಿಗಲಿ ಎಂಬ ಆಸೆ. ಎಷ್ಟು ಸ್ವಚ್ಛವಾಗಿ ಕಾಣುತ್ತಿತ್ತು ಎಂದರೆ ನನಗೆ ಸಿಟ್ಟು ಬರಲೂ ಹೊತ್ತು ಬೇಕಾಯಿತು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೌದು ಅಮ್ಮ, ಗಂಟು ಉಂಟು, ನೀವು ಆರಾಮಾಗಿ ಮಲಗಿ ಎಂದಿದ್ದರೆ ಸಾಕಿತ್ತು. ಮಳೆಗಾಲ ನೋಡುತ್ತಿರಲಿಲ್ಲ ಅವರು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ಅಲ್ಲಿ ಒಂದು ಕೂದಲಿನ ಹಾಗೆ ತೊಡಕಿಕೊಂಡಿತು. ಅಜ್ಜನಿಗೆ ಚಕ್ಕುಲಿ ಇಟ್ಟು ಇವರನ್ನು ಎಬ್ಬಿಸು ಎಂದು ಬೇಡಿದ ಬಾಯಿ. ಅದನ್ನು ಹೊಲಸು ಮಾಡಿಕೊಳ್ಳಲು ಮನಸ್ಸಾಗಲಿಲ್ಲ.

"ಅಮ್ಮ, ಕೇಳಿ. ಎರಡು ತುತ್ತು ನುಂಗಿದ್ದು ಹೌದು. ನನಗೆ ಎಂತದೂ ಆಗಿಲ್ಲ, ಆಗುವುದೂ ಇಲ್ಲ. ಇವತ್ತು ಎರಡು ಸಲ ಬಡಿಸಿಕೊಂಡು ಉಂಡಿದ್ದೇನೆ. ನಿಮ್ಮ ರೋಗ ನನ್ನ ಹತ್ತಿರ ಬಂದಿಲ್ಲ. ನಿಮ್ಮಲ್ಲೇ ಉಂಟು."

ಅವರ ಮುಖ ಆರಿತು. ದೀಪದ ಎಣ್ಣೆ ಮುಗಿದಂತೆ, ನಿಧಾನಕ್ಕೆ.

"ಹಾಗೆ ಹೇಳಬೇಡ ಯಶೂ. ಸ್ವಲ್ಪ ನೀನು ಹೊತ್ತುಕೋ."

"ಬೇಸಿನ್ ಹೊತ್ತೆ. ನಿಮ್ಮನ್ನು ಹೊತ್ತೆ. ಇದನ್ನು ಹೊರುವುದಿಲ್ಲ. ಇದು ನಿಮ್ಮದು. ನಾಳೆಯೇ ಮಣಿಪಾಲಕ್ಕೆ ಹೋಗಿ. ಇನ್ನು ಮೂರು ಕಿಮೋ ಉಂಟು. ಅದು ಮುಗಿಸಿದರೆ ಪುಟ್ಟಿಯನ್ನು ಎತ್ತಿಕೊಳ್ಳಬಹುದು."

ಅವರು ಅಳುವುದು ಕೇಳಿಸಿತು. ಫೋನು ಮಾಷ್ಟ್ರ ಕೈಗೆ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿದರು.

"ನೀನು ದೊಡ್ಡ ಮನಸ್ಸಿನವಳು. ಆ ಕಂಪ್ಲೇಂಟ್ ಕೂಡ..."

"ಅದು ಇರುತ್ತದೆ ಮಾಷ್ಟ್ರೇ."

"ಅವಳು ರೋಗಿ, ಯಶ್ಮಿತಾ."

"ಎಲೆಗೆ ಕರೆದು ಕೂರಿಸಿದ ನೀವು ರೋಗಿ ಅಲ್ಲ."

ಅವರು ತಿರುಗಿ ಇಳಿದು ಹೋದರು. ತಲೆಯ ಮೇಲೆ ಕೈ ಇಟ್ಟಿದ್ದ ಮನುಷ್ಯ. ಇಳಿಜಾರಿನಲ್ಲಿ ಜಾರಿದಾಗ ಕಾಲೊನಿಯ ಯಾರೋ ತೋಳು ಹಿಡಿದು ನಿಲ್ಲಿಸಿದರು. ಹಿಡಿದ ತೋಳನ್ನು ಅವರು ಕರ್ಚೀಫಿನಿಂದ ಒರೆಸಿಕೊಂಡರು. ಬೆವರಿಗೂ ಇರಬಹುದು.

ಆ ಸಂಜೆ ಅಪ್ಪೆಯ ಬುಟ್ಟಿಯ ಎದುರು ದೀಪ ಹಚ್ಚಿ ಕುಳಿತೆ. ಅವಳ ಬೀಳು ಇನ್ನೂ ಮೂಲೆಯಲ್ಲಿ ಒಣಗುತ್ತ ಉಂಟು. ನೀನು ಹುಡುಕುತ್ತಿದ್ದ ಮನೆ ಯಾವುದೂ ಅಲ್ಲ, ಯಾರದ್ದೂ ನಿನ್ನ ಮೈಗೆ ಬಂದಿಲ್ಲ ಅಪ್ಪೆ ಎಂದೆ. ಬದುಕಿದ್ದಾಗ ಬೈದು ಹೇಳಿದ್ದೆ. ಈಗ ಮೆತ್ತಗೆ ಹೇಳಿದೆ. ಬೆಳಿಗ್ಗೆ ಎದ್ದಾಗ ಬೆರಳು ಈಗಲೂ ಕುತ್ತಿಗೆಗೆ ಹೋಗುತ್ತದೆ. ನಾನು ಅದನ್ನು ಎಳೆದು ಕೆಳಗಿಡುತ್ತೇನೆ.

ತಿಂಗಳ ಕೊನೆಗೆ ಜೋಸ್ಲಿನ್ ಮೇಡಂ ಫೋನು ಮಾಡಿದರು. ದನಿ ಸಣ್ಣದಾಗಿತ್ತು.

"ಯಶ್ಮಿತಾ, ಆ ಬೆಳ್ಮಣ್‌ನವರು ಮತ್ತೆ ಹುಡುಗಿ ಕೇಳ್ತಾ ಇದ್ದಾರೆ. ನಾಲ್ಕನೆಯದು ಆಯಿತಂತೆ. ತುಂಬ ವಾಂತಿಯಂತೆ. ಈ ಸಲ ಜಾತಿ ಕೇಳಲಿಲ್ಲ. ಲವಿಟಾಳನ್ನು ಕಳಿಸಲಾ ಅಂತ... ನೀನು ಬೇಡ ಅಂದರೆ ಕಳಿಸುವುದಿಲ್ಲ."

"ಕಳಿಸಿ ಮೇಡಂ. ರೋಗಿ ಅಲ್ವಾ. ಯಾರಾದರೂ ಬೇಸಿನ್ ಹಿಡಿಯಬೇಕು."

"ನಿನಗೆ ಬೇಜಾರಿಲ್ವಾ?"

"ಉಂಟು. ಲವಿಟಾಳಿಗೆ ಎರಡು ಮಾತು ಹೇಳಿ. ಊಟದ ಬುತ್ತಿ ಮನೆಯಿಂದಲೇ ತೆಗೊಂಡು ಹೋಗಲಿ. ಮತ್ತೆ, ಅಮ್ಮನ ಉಗುರು ಕತ್ತರಿಸಿದರೆ ಡಬ್ಬಿಯಲ್ಲಿ ಇಡಬಾರದು. ಆಗಲೇ, ಅವರ ಕಣ್ಣೆದುರೇ, ಒಲೆಗೆ ಹಾಕಬೇಕು."